ಸೊನ್ನೆ ತೋರಿಸುವ ಡಿಟೆಕ್ಟರ್ ಬದುಕಿದೆಯಾ? ಮುಧೋಳ ಕಡೆಯ ಡಿಸ್ಟಿಲರಿಯಲ್ಲಿ ಗ್ಯಾಸ್ ಡಿಟೆಕ್ಟರ್ ಸರ್ವಿಸ್

ಹಂಗಾಮು ಮುಗಿದ ಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ಎಲ್ಲರ ಗಮನ ಮಿಲ್ಲಿನ ರೋಲರ್, ಟರ್ಬೈನ್, ಬಾಯ್ಲರ್ ಟ್ಯೂಬ್ ಕಡೆ ಇರುತ್ತದೆ. ಗ್ಯಾಸ್ ಡಿಟೆಕ್ಟರ್‌ಗಳ ಸರದಿ ಬರುವುದು ಕೊನೆಗೆ. ಅವು ಕೆಟ್ಟರೆ ಏನೂ ನಿಲ್ಲುವುದಿಲ್ಲ, ಅದೇ ಕಾರಣ. ಪಂಪ್ ಕೆಟ್ಟರೆ ಪ್ಲಾಂಟ್ ನಿಲ್ಲುತ್ತದೆ, ಹತ್ತು ಜನ ಓಡಿ ಬರುತ್ತಾರೆ. ಡಿಟೆಕ್ಟರ್ ಕೆಟ್ಟರೆ ಕಂಟ್ರೋಲ್ ರೂಮಿನ ಪ್ಯಾನೆಲ್ ಮೇಲೆ ಸೊನ್ನೆ ಕಾಣುತ್ತದೆ. ಗಾಳಿ ಚೊಕ್ಕವಾಗಿದ್ದಾಗ ಕಾಣುವುದೂ ಅದೇ ಸೊನ್ನೆ. ನೋಡುವವನಿಗೆ ಎರಡರಲ್ಲಿ ವ್ಯತ್ಯಾಸ ಗೊತ್ತಾಗಲ್ಲ.

ನಾನು ಇನ್‌ಸ್ಟ್ರುಮೆಂಟ್ ಕೆಲಸದವನು. ಮುಧೋಳ, ಜಮಖಂಡಿ, ಅಥಣಿ ಸುತ್ತಲಿನ ಕಾರ್ಖಾನೆಗಳಲ್ಲಿ ಮಳೆಗಾಲದ ಹೊತ್ತಿಗೆ ಇಂಥ ಕೆಲಸ ಜಾಸ್ತಿ. ಈ ಸಲ ಮುಧೋಳ ತಾಲ್ಲೂಕಿನ ಒಂದು ಡಿಸ್ಟಿಲರಿ. ಕಾಕಂಬಿಯಿಂದ ಎಥನಾಲ್ ತೆಗೆಯುತ್ತಾರೆ. ಉಳಿದ ಕೊಳಕು ನೀರು, ಅಂದರೆ ಸ್ಪೆಂಟ್ ವಾಶ್, ಡೈಜೆಸ್ಟರ್ ಅನ್ನುವ ಮುಚ್ಚಿದ ಟ್ಯಾಂಕಿಗೆ ಹೋಗುತ್ತದೆ. ಅಲ್ಲಿ ಹುಟ್ಟುವ ಬಯೋಗ್ಯಾಸನ್ನು ಬ್ಲೋವರ್ ಎಳೆದು ಬಾಯ್ಲರ್‌ಗೆ ತಳ್ಳುತ್ತದೆ. ಕಾಕಂಬಿ ಖಾಲಿಯಾಗಿ ಶಟ್‌ಡೌನ್ ತೆಗೆದುಕೊಂಡಾಗ ನಮ್ಮನ್ನು ಕರೆದರು. ಮಾಡಿದ್ದನ್ನು ಬರೆದಿಡುತ್ತಿದ್ದೇನೆ. ಇಂಥದ್ದೇ ಪ್ಲಾಂಟಿನಲ್ಲಿ ಇರುವವರಿಗೆ ಉಪಯೋಗಕ್ಕೆ ಬರಬಹುದು.

ಇಲ್ಲಿನ ಗ್ಯಾಸ್ ಎಂಥದ್ದು

ಕೆಲಸ ಶುರು ಮಾಡುವ ಮೊದಲು ಒಂದು ಲೆಕ್ಕ ಹೇಳಬೇಕು. ನಮ್ಮ ಕಡೆ ಬಹಳಷ್ಟು ಕಾರ್ಖಾನೆಗಳಲ್ಲಿ ಸಕ್ಕರೆ ಬೆಳ್ಳಗಾಗಲು ಗಂಧಕ ಸುಟ್ಟು ಅದರ ಹೊಗೆಯನ್ನು ಕಬ್ಬಿನ ರಸಕ್ಕೆ ಹಾಯಿಸುತ್ತಾರೆ. ಆ ಗಂಧಕದ ಒಂದು ಪಾಲು ಕಾಕಂಬಿಯಲ್ಲಿ ಉಳಿಯುತ್ತದೆ. ಅಲ್ಲಿಂದ ಸ್ಪೆಂಟ್ ವಾಶ್‌ಗೆ, ಅಲ್ಲಿಂದ ಡೈಜೆಸ್ಟರ್‌ಗೆ. ಗಾಳಿ ಇಲ್ಲದ ಆ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. ಪ್ಲಾಂಟಿನಲ್ಲಿ ಎಲ್ಲರೂ ಎಚ್‌ಟುಎಸ್ ಅನ್ನುತ್ತಾರೆ. ಸಗಣಿ ಗೋಬರ್ ಗ್ಯಾಸಿನಲ್ಲಿ ಇದು ತೀರಾ ಕಡಿಮೆ. ಡಿಸ್ಟಿಲರಿ ಬಯೋಗ್ಯಾಸಿನಲ್ಲಿ ಶೇ 2ರಿಂದ 4ರವರೆಗೂ ಹೋಗುತ್ತದೆ.

ಶೇ 3 ಅಂದರೆ 30,000 ಪಿಪಿಎಂ, ಹತ್ತು ಲಕ್ಷ ಭಾಗದಲ್ಲಿ 30,000 ಭಾಗ. ಈ ಗ್ಯಾಸ್ ಎಲ್ಲೋ ಸೋರಿ, ಗಾಳಿಯಲ್ಲಿ ನೂರು ಪಟ್ಟು ತೆಳುವಾಯಿತು ಅಂದುಕೊಳ್ಳಿ. ಆಗ ಎಚ್‌ಟುಎಸ್ 300 ಪಿಪಿಎಂ. 100 ಪಿಪಿಎಂ ಅನ್ನುವುದೇ ಜೀವಕ್ಕೆ ತಕ್ಷಣದ ಅಪಾಯ ಇರುವ ಮಟ್ಟ ಎಂದು ಕೆಲಸಗಾರರ ಸುರಕ್ಷತೆ ನೋಡುವ ಅಮೆರಿಕದ ನಯೋಶ್ ಸಂಸ್ಥೆ ಗುರುತಿಸಿದೆ. ಇದು ಅದರ ಮೂರು ಪಟ್ಟು. ಅದೇ ಹೊತ್ತಿಗೆ ಮೀಥೇನ್ ಎಷ್ಟು? ಬಯೋಗ್ಯಾಸಿನಲ್ಲಿ ಶೇ 60 ಇದ್ದರೆ ನೂರು ಪಟ್ಟು ತೆಳುವಾದಾಗ ಶೇ 0.6. ಮೀಥೇನ್ ಗಾಳಿಯಲ್ಲಿ ಶೇ 5 ಸೇರಿದಾಗ ಬೆಂಕಿ ಹಿಡಿಯುವ ಮಟ್ಟ ಮುಟ್ಟುತ್ತದೆ. ಅದಕ್ಕೆ ಎಲ್‌ಇಎಲ್ ಅನ್ನುತ್ತೇವೆ. ಅಂದರೆ ಆಗ ಎಲ್‌ಇಎಲ್‌ನ ಶೇ 12 ಮಾತ್ರ ಆಯಿತು. ಸಾಮಾನ್ಯವಾಗಿ ಮೊದಲ ಅಲಾರಂ ಇಡುವುದು ಶೇ 20ಕ್ಕೆ. ಎಲ್‌ಇಎಲ್ ಡಿಟೆಕ್ಟರ್ ಕೂಗುವ ಮೊದಲೇ ಮನುಷ್ಯ ಬಿದ್ದಿರುತ್ತಾನೆ.

ಈ ಲೆಕ್ಕವನ್ನು ಸೇಫ್ಟಿ ಆಫೀಸರ್ ಎದುರು ಹಾಳೆ ಮೇಲೆ ಬರೆದು ತೋರಿಸಿದೆ. ಅಲ್ಲಿಯವರೆಗೆ ಅವರ ಸ್ಪೇರ್ ಪಟ್ಟಿಯಲ್ಲಿ ಎಲ್‌ಇಎಲ್ ಸೆನ್ಸರ್‌ಗಳೇ ಮುಂದೆ ಇದ್ದವು. ಎಚ್‌ಟುಎಸ್ ಸೆನ್ಸರ್ ಒಂದೂ ಸ್ಟೋರಿನಲ್ಲಿ ಇರಲಿಲ್ಲ.

ತಯಾರಿ

ಪರ್ಮಿಟ್ ಇಲ್ಲದೆ ಡಬ್ಬಿ ಮುಚ್ಚಳ ತೆಗೆಯಬಾರದು. ಈ ಡಿಟೆಕ್ಟರ್‌ಗಳೆಲ್ಲ ಫ್ಲೇಮ್‌ಪ್ರೂಫ್ ಡಬ್ಬಿಗಳಲ್ಲಿ ಇರುತ್ತವೆ. ಒಳಗೆ ಕಿಡಿ ಹಾರಿದರೂ ಹೊರಗಿನ ಗ್ಯಾಸಿಗೆ ತಗುಲದ ಹಾಗೆ ಕಟ್ಟಿದ ಡಬ್ಬಿ. ಕರೆಂಟ್ ಇರುವಾಗಲೇ ಮುಚ್ಚಳ ಬಿಚ್ಚಿದರೆ ಆ ಕಾವಲು ಅಲ್ಲಿಗೇ ಮುಗಿಯಿತು.

ಇನ್ನೊಂದು, ಬೈಪಾಸ್. ಡಿಟೆಕ್ಟರ್‌ಗೆ ಟೆಸ್ಟ್ ಗ್ಯಾಸ್ ಕೊಟ್ಟ ತಕ್ಷಣ ಪ್ಯಾನೆಲ್ ನಿಜವಾದ ಸೋರಿಕೆ ಅಂತಲೇ ತಿಳಿಯುತ್ತದೆ. ಹೂಟರ್ ಕೂಗುತ್ತದೆ, ಎಕ್ಸಾಸ್ಟ್ ಫ್ಯಾನ್ ಶುರುವಾಗುತ್ತದೆ, ಬಾಯ್ಲರ್ ಗ್ಯಾಸ್ ಲೈನಿನ ವಾಲ್ವ್ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಮೊದಲು ಟ್ರಿಪ್ ಬೈಪಾಸ್ ಮಾಡಬೇಕು, ಅಂದರೆ ಇವೆಲ್ಲ ತಾವಾಗಿ ನಡೆಯದ ಹಾಗೆ ತಡೆಹಿಡಿಯಬೇಕು. ಯಾವ ಪಾಯಿಂಟ್, ಎಷ್ಟು ಗಂಟೆಗೆ, ಯಾರು ಮಾಡಿದ್ದು ಅಂತ ರಿಜಿಸ್ಟರಿನಲ್ಲಿ ಬರೆಯಬೇಕು. ನಾನು ಒಂದು ಸಲಕ್ಕೆ ಒಂದೇ ಏರಿಯಾ ಬೈಪಾಸ್ ಮಾಡುತ್ತೇನೆ. ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಕೆಲಸ ಬೇಗ ಮುಗಿಯುತ್ತದೆ ನಿಜ. ಆದರೆ ಡೈಜೆಸ್ಟರ್ ಶಟ್‌ಡೌನ್ ಅಂತ ಗ್ಯಾಸ್ ಮಾಡುವುದನ್ನು ನಿಲ್ಲಿಸುವುದಿಲ್ಲ. ಒಳಗಿರುವ ಸ್ಪೆಂಟ್ ವಾಶ್ ಇನ್ನೂ ಕೊಳೆಯುತ್ತಲೇ ಇರುತ್ತದೆ.

ಸಿಲಿಂಡರ್‌ಗಳ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಅರ್ಧ ತಪ್ಪುಗಳು ಹುಟ್ಟುವುದು ಅಲ್ಲೇ.

ಸ್ಟೋರಿನವರು ಎರಡು ಮೀಥೇನ್ ಸಿಲಿಂಡರ್ ತಂದಿಟ್ಟರು. ಎರಡರ ಮೇಲೂ ಶೇ 2.5 ಅಂತ ಇತ್ತು. ಒಂದರಲ್ಲಿ ಮೀಥೇನ್ ಜೊತೆ ಗಾಳಿ, ಇನ್ನೊಂದರಲ್ಲಿ ನೈಟ್ರೋಜನ್. ನಮ್ಮ ಎಲ್‌ಇಎಲ್ ಡಿಟೆಕ್ಟರ್‌ಗಳು ಕೆಟಲಿಟಿಕ್ ಬಗೆಯವು. ಗ್ಯಾಸನ್ನು ಒಳಗೆ ಸುಟ್ಟು ಅಳೆಯುತ್ತವೆ. ಸುಡಲು ಆಕ್ಸಿಜನ್ ಬೇಕು. ನೈಟ್ರೋಜನ್ ಇರುವ ಸಿಲಿಂಡರ್ ಹಚ್ಚಿದರೆ ಒಳ್ಳೆ ಸೆನ್ಸರ್ ಕೂಡ ಸತ್ತಂತೆ ಕಾಣುತ್ತದೆ. ಅದನ್ನು ಪಕ್ಕಕ್ಕಿಟ್ಟು ಚೀಟಿ ಅಂಟಿಸಿದೆ.

ಎಚ್‌ಟುಎಸ್ ಸಿಲಿಂಡರ್ 25 ಪಿಪಿಎಂನದು. ಇದಕ್ಕೆ ಅವಧಿ ದಿನಾಂಕ ಇರುತ್ತದೆ, ನೋಡಲೇಬೇಕು. ದಿನ ಕಳೆದಂತೆ ಒಳಗಿನ ಎಚ್‌ಟುಎಸ್ ಇಳಿಯುತ್ತದೆ. ಹಳೆ ಸಿಲಿಂಡರಿನಲ್ಲಿ ನಿಜಕ್ಕೂ 18 ಉಳಿದಿದ್ದು, ನಾವು 25 ಅಂತ ಸ್ಪ್ಯಾನ್ (ಗೊತ್ತಿರುವ ಗ್ಯಾಸಿಗೆ ರೀಡಿಂಗ್ ಹೊಂದಿಸುವುದು) ಕೂರಿಸಿದರೆ ಡಿಟೆಕ್ಟರ್ ಯಾವಾಗಲೂ ಜಾಸ್ತಿ ತೋರಿಸುತ್ತದೆ. ಸುರಕ್ಷಿತ ಕಡೆಗೇ ಅಲ್ವಾ ಅನ್ನಬಹುದು. ಸುಮ್ನೆ ಸುಮ್ನೆ ಅಲಾರಂ ಹೊಡೆಯತೊಡಗಿದರೆ ಆಪರೇಟರ್ ಮೊದಲು ಹೂಟರ್ ವೈರ್ ಬಿಚ್ಚುತ್ತಾನೆ. ಅದು ಎಲ್ಲಿನ ಸುರಕ್ಷೆ?

ಪೈಪು ಕೂಡ ಮುಖ್ಯ. ಎಚ್‌ಟುಎಸ್‌ಗೆ ರಬ್ಬರ್ ಅಥವಾ ಸಿಲಿಕೋನ್ ಪೈಪ್ ಬೇಡ. ಕಡಿಮೆ ಪಿಪಿಎಂನಲ್ಲಿ ಪೈಪಿನ ಗೋಡೆಯೇ ಗ್ಯಾಸನ್ನು ಹೀರಿಕೊಳ್ಳುತ್ತದೆ. ಟೆಫ್ಲಾನ್ ಪೈಪ್, ಆದಷ್ಟು ಗಿಡ್ಡದು. ರೆಗ್ಯುಲೇಟರ್ ಸ್ಟೇನ್‌ಲೆಸ್ ಸ್ಟೀಲಿನದು. ಹರಿವು ಎಷ್ಟು ಅನ್ನುವುದು ಡಿಟೆಕ್ಟರ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಇವುಗಳಿಗೆ ನಿಮಿಷಕ್ಕೆ ಅರ್ಧ ಲೀಟರ್.

ಪ್ಯಾನೆಲ್

ಪ್ರತಿ ಚಾನೆಲ್‌ನ, ಅಂದರೆ ಒಂದೊಂದು ಡಿಟೆಕ್ಟರ್‌ನಿಂದ ಬರುವ ಲೈನಿನ, ಕರೆಂಟನ್ನು ಮಲ್ಟಿಮೀಟರಿನಲ್ಲಿ ಅಳೆದು ಬರೆದುಕೊಂಡೆ. 4 ಮಿಲಿಆಂಪ್ ಅಂದರೆ ಸೊನ್ನೆ, 20 ಅಂದರೆ ಪೂರ್ತಿ. ಹೆಚ್ಚಿನವು 3.95ರಿಂದ 4.05ರೊಳಗೆ ಇದ್ದವು. ಒಂದು ಎಚ್‌ಟುಎಸ್ ಚಾನೆಲ್ ಮಾತ್ರ 3.8ರ ಹತ್ತಿರ. ಅಂದರೆ ಸೊನ್ನೆಗಿಂತ ಕೆಳಗೆ ಸರಿದಿದೆ. ಪ್ಯಾನೆಲ್ ಅದನ್ನೂ 0 ಅಂತಲೇ ತೋರಿಸುತ್ತಿತ್ತು. ಮೈನಸ್ ತೋರಿಸದ ಹಾಗೆ ಯಾರೋ ಸೆಟ್ ಮಾಡಿಟ್ಟಿದ್ದರು. ನೋಡಲು ಚಂದ, ಅಷ್ಟೇ. ಆ ಸೆಟ್ಟಿಂಗ್ ತೆಗೆಸಿದೆ.

ಮೇನ್ ಸಪ್ಲೈ ತೆಗೆದು ಬ್ಯಾಟರಿ ಮೇಲೆ ಬಿಟ್ಟಾಗ 24 ವೋಲ್ಟ್ ಬೇಗನೆ ಕುಸಿಯಿತು. ಎರಡೂ ಬ್ಯಾಟರಿ ಬದಲಾವಣೆ ಪಟ್ಟಿಗೆ ಸೇರಿದವು.

ಇಟಿಪಿ ಸಂಪ್

ಇಟಿಪಿ ಅಂದರೆ ಕೊಳಕು ನೀರು ಶುದ್ಧ ಮಾಡುವ ಘಟಕ, ಸಂಪ್ ಅಂದರೆ ಆ ನೀರು ಸೇರುವ ಗುಂಡಿ. ಇಲ್ಲಿನ ಎಚ್‌ಟುಎಸ್ ಡಿಟೆಕ್ಟರ್ ನೆಲದಿಂದ ಒಂದು ಅಡಿ ಎತ್ತರದಲ್ಲಿದೆ. ಜಾಗ ಸರಿಯಾಗಿದೆ. ಎಚ್‌ಟುಎಸ್ ಗಾಳಿಗಿಂತ ಭಾರ, ಸಂಪಿನ ಅಂಚಿನಿಂದ ಉಕ್ಕಿ ನೆಲದ ಮೇಲೆ ಹರಡುತ್ತದೆ.

ಇಟಿಪಿ ನೋಡಿಕೊಳ್ಳುವ ಕಾಕಾ ನಾವು ಸಿಲಿಂಡರ್ ಹಚ್ಚುವುದನ್ನು ನೋಡುತ್ತಾ ನಿಂತಿದ್ದರು.

"ಸಾಹೇಬ್ರ, ಮೂಗು ಸಾಕ್ರಿ ನಮಗ. ಕೊಳತ ತತ್ತಿ ವಾಸನಿ ಬಂದ್ರ ದೂರ ಸರೀತೀವಿ. ಈ ಡಬ್ಬಿ ಯಾಕ ಬೇಕು?"

"ವಾಸನಿ ಬರೂದು ನಿಂತ್ರ ಏನ್ ಮಾಡ್ತೀರಿ ಕಾಕಾ?"

"ನಿಂತ್ರ ಗ್ಯಾಸ್ ಹೋತು ಅಂತ."

ಇದೇ ನಂಬಿಕೆ ಜನರನ್ನು ಕೊಲ್ಲುವುದು. ಎಚ್‌ಟುಎಸ್ ಒಂದು ಪಿಪಿಎಂಗಿಂತ ಕಡಿಮೆ ಇದ್ದಾಗಲೇ ಮೂಗಿಗೆ ಗೊತ್ತಾಗುತ್ತದೆ. ಆದರೆ 100 ಪಿಪಿಎಂ ಹತ್ತಿರ ಬಂದಾಗ ಕೆಲವೇ ನಿಮಿಷಗಳಲ್ಲಿ ಮೂಗಿನ ನರ ಸೋತು ಹೋಗುತ್ತದೆ. ವಾಸನೆ ನಿಲ್ಲುತ್ತದೆ, ಗ್ಯಾಸ್ ಹಾಗೇ ಇರುತ್ತದೆ. ಕಾಕಾಗೆ ಇದನ್ನು ಹೇಳಿದೆ. ಅವರು ತಲೆ ಆಡಿಸಿದರು. ಪೂರ್ತಿ ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ. ಆದರೆ ಮುಂದಿನ ಕೆಲಸಕ್ಕೆ ಅವರೇ ಹತ್ತಿರ ಬಂದು ಕೂತರು.

25 ಪಿಪಿಎಂ ಗ್ಯಾಸ್ ಕೊಟ್ಟೆವು. ಡಿಟೆಕ್ಟರ್ ರೇಂಜ್ 0ರಿಂದ 100. ಸರಿ ಇದ್ದರೆ 8 ಮಿಲಿಆಂಪ್ ಬರಬೇಕು. ಅರ್ಧ ನಿಮಿಷದಲ್ಲಿ ಬಹುಪಾಲು ಏರಬೇಕು. ಇದು ಅರ್ಧ ನಿಮಿಷವಾದರೂ ಅಲುಗಲಿಲ್ಲ. ಆಮೇಲೆ ನಿಧಾನಕ್ಕೆ ಏರಿ 9 ಪಿಪಿಎಂ ಹತ್ತಿರ ನಿಂತಿತು.

ಮಳೆ ತಡೆಯುವ ಮುಚ್ಚಳ ಬಿಚ್ಚಿ ನೋಡಿದರೆ ಒಳಗೆ ಮಣ್ಣು. ಕಣಜ ಗೂಡು ಕಟ್ಟಿತ್ತು. ಸೆನ್ಸರ್ ಮುಂದಿನ ಜಾಲರಿಗೆ ಬಾಟಲಿಗೆ ಬೂಚು ಹಾಕಿದ ಹಾಗೆ ಕೂತಿತ್ತು. ಅದರ ಕೆಳಗೆ ಬಗ್ಯಾಸಿನ (ರಸ ಹಿಂಡಿದ ಕಬ್ಬಿನ ಸಿಪ್ಪೆ) ನಯವಾದ ಧೂಳು, ಎಣ್ಣೆ ಪಸೆ ಸೇರಿ ಒಂದು ಪದರ. ನಮ್ಮ ಕಡೆಯ ಕಾರ್ಖಾನೆಗಳಲ್ಲಿ ಇದು ಹೊಸದೇನಲ್ಲ. ಎಲೆಕ್ಟ್ರಾನಿಕ್ಸ್ ಸರಿ ಇರುತ್ತದೆ, ಸೆನ್ಸರ್ ಸರಿ ಇರುತ್ತದೆ, ಗ್ಯಾಸಿಗೆ ಒಳಗೆ ಹೋಗಲು ದಾರಿಯೇ ಇರುವುದಿಲ್ಲ.

ಗೂಡು ಕೆರೆಯಲು ಸ್ಕ್ರೂಡ್ರೈವರ್ ಬೇಡ, ಜಾಲರಿ ತೂತಾಗುತ್ತದೆ. ಮರದ ಕಡ್ಡಿ, ಮೆತ್ತನೆ ಬ್ರಶ್. ಹುಡುಗನೊಬ್ಬ ಏರ್ ಗನ್ ತಂದ, ವಾಪಸ್ ಕಳಿಸಿದೆ. ಕಂಪ್ರೆಸರ್ ಗಾಳಿ ಧೂಳನ್ನು ಇನ್ನೂ ಒಳಗೆ ತಳ್ಳುತ್ತದೆ, ಜೊತೆಗೆ ಎಣ್ಣೆ ಬೇರೆ. ಜಾಲರಿಯ ಹೊರಗಿನ ಫಿಲ್ಟರ್ ಹೊಸದು ಹಾಕಿದೆವು.

ಮತ್ತೆ ಗ್ಯಾಸ್. ಈಗ ಅರ್ಧ ನಿಮಿಷದೊಳಗೆ 22 ಮುಟ್ಟಿತು. ಅಂದರೆ 7.52 ಮಿಲಿಆಂಪ್. ಸ್ಪ್ಯಾನ್ ತಿದ್ದುವ ಮೊದಲು ಝೀರೋ ನೋಡಬೇಕಿತ್ತು. ಸಂಪಿನ ಪಕ್ಕದ ಗಾಳಿಯನ್ನೇ ಶುದ್ಧ ಅಂದುಕೊಂಡು ಝೀರೋ ಒತ್ತುವವರಿದ್ದಾರೆ. ಅಲ್ಲಿ ಆಗಲೇ 3 ಪಿಪಿಎಂ ಇದ್ದರೆ ಡಿಟೆಕ್ಟರ್ ಮುಂದೆ ಯಾವಾಗಲೂ 3 ಕಡಿಮೆ ಹೇಳುತ್ತದೆ. ಅದಕ್ಕೆ ಬೇರೆ ಝೀರೋ ಗಾಳಿಯ ಸಿಲಿಂಡರ್ ಇದೆ. ಅದನ್ನು ಹಚ್ಚಿ ಝೀರೋ, ಆಮೇಲೆ ಸ್ಪ್ಯಾನ್. 8.0ಕ್ಕೆ ಕೂತಿತು.

ಇಲ್ಲಿ ಅಲಾರಂ 10 ಮತ್ತು 15 ಪಿಪಿಎಂಗೆ ಇದೆ. 1948ರ ಫ್ಯಾಕ್ಟರಿ ಕಾಯ್ದೆಯ ಎರಡನೇ ಶೆಡ್ಯೂಲಿನಲ್ಲಿ ಎಂಟು ಗಂಟೆಯ ಸರಾಸರಿಗೆ 10, ಅಲ್ಪ ಹೊತ್ತಿಗೆ 15 ಅಂತ ಇದ್ದುದನ್ನೇ ಎತ್ತಿ ಇಟ್ಟಿದ್ದಾರೆ. ನನ್ನ ಕೈಲಿದ್ದರೆ ಮೊದಲ ಅಲಾರಂ 5ಕ್ಕೆ ಇಡುತ್ತೇನೆ. ಎಂಟು ಗಂಟೆಯ ಸರಾಸರಿ ಬೇರೆ, ಎಚ್ಚರಿಕೆ ಗಂಟೆ ಬೇರೆ. ಬರೆದು ಕೊಟ್ಟಿದ್ದೇನೆ.

ಬ್ಲೋವರ್ ರೂಮ್

ಈ ರೂಮೇ ಈ ಸರ್ವಿಸಿನ ನಿಜವಾದ ಕೆಲಸ.

ಮೇಲೆ, ಛಾವಣಿ ಹತ್ತಿರ, ಒಂದು ಎಲ್‌ಇಎಲ್ ಡಿಟೆಕ್ಟರ್. ಪ್ಯಾನೆಲ್‌ನಲ್ಲಿ ಅದರ ಕರೆಂಟ್ 4.00. ಅಷ್ಟು ನೆಟ್ಟಗೆ ಇರುವ ಸೊನ್ನೆ ಕಂಡರೆ ನನಗೆ ಅನುಮಾನ. ಏಣಿ ಹತ್ತಿ ಮೀಥೇನ್ ಕೊಟ್ಟೆ. ಶೇ 2.5 ಮೀಥೇನ್ ಅಂದರೆ ಎಲ್‌ಇಎಲ್‌ನ ಶೇ 50. 12 ಮಿಲಿಆಂಪ್ ಬರಬೇಕು. ಬಂದದ್ದು 5.76. ಅಂದರೆ ಶೇ 11.

ಇದರ ಅರ್ಥ ಏನು ಅಂತ ಲೆಕ್ಕ ಹಾಕಿ. ಮೊದಲ ಅಲಾರಂ ಶೇ 20ಕ್ಕೆ. ಈ ಡಿಟೆಕ್ಟರ್ 20 ತೋರಿಸಬೇಕಾದರೆ ರೂಮಿನಲ್ಲಿ ನಿಜಕ್ಕೂ ಎಲ್‌ಇಎಲ್‌ನ ಶೇ 90 ಇರಬೇಕು. ಬೆಂಕಿ ಹಿಡಿಯುವ ಮಟ್ಟಕ್ಕೆ ಕೂದಲೆಳೆ ದೂರ ಇರುವಾಗ ಇದು ಮೊದಲ ಎಚ್ಚರಿಕೆ ಕೊಡುತ್ತಿತ್ತು. ಅಲ್ಲಿಯವರೆಗೂ ಪ್ಯಾನೆಲ್ ಮೇಲೆ ಹಸಿರು ದೀಪ.

ಕೆಟಲಿಟಿಕ್ ಸೆನ್ಸರ್ ಒಳಗೆ ಎರಡು ಪುಟ್ಟ ಮಣಿಗಳಿರುತ್ತವೆ. ಎರಡರೊಳಗೂ ಪ್ಲಾಟಿನಂ ತಂತಿ, ಎರಡೂ ಸುಮಾರು 500 ಡಿಗ್ರಿಗೆ ಕಾದಿರುತ್ತವೆ. ಒಂದು ಮಣಿಗೆ ಕೆಟಲಿಸ್ಟ್ ಲೇಪ ಇದೆ, ಇನ್ನೊಂದಕ್ಕೆ ಇಲ್ಲ. ಗ್ಯಾಸ್ ಬಂದರೆ ಲೇಪದ ಮಣಿಯ ಮೇಲೆ ಅದು ಉರಿಯುತ್ತದೆ, ಮಣಿ ಇನ್ನೂ ಬಿಸಿಯಾಗುತ್ತದೆ, ತಂತಿಯ ರೆಸಿಸ್ಟೆನ್ಸ್ ಏರುತ್ತದೆ. ಎರಡು ಮಣಿಗಳ ನಡುವಿನ ಆ ವ್ಯತ್ಯಾಸವೇ ರೀಡಿಂಗ್. ಲೇಪ ಸತ್ತರೆ? ಎರಡು ಮಣಿಗಳೂ ಒಂದೇ ಆಗಿಬಿಡುತ್ತವೆ. ವ್ಯತ್ಯಾಸ ಸೊನ್ನೆ. ತಂತಿ ಹರಿದರೆ ಪ್ಯಾನೆಲ್ ಫಾಲ್ಟ್ ಹೇಳುತ್ತದೆ. ಲೇಪ ಸತ್ತರೆ ಏನೂ ಹೇಳುವುದಿಲ್ಲ. ಹೇಳಲು ಅದಕ್ಕೆ ಗೊತ್ತೇ ಇರುವುದಿಲ್ಲ.

ಲೇಪ ಸಾಯಿಸುವವು ಮುಖ್ಯವಾಗಿ ಎರಡು. ಗಂಧಕದ ಗ್ಯಾಸ್ ಲೇಪಕ್ಕೆ ಅಂಟಿ ಅದನ್ನು ಮಂಕು ಮಾಡುತ್ತದೆ. ಶುದ್ಧ ಗಾಳಿಯಲ್ಲಿ ಚಾಲೂ ಬಿಟ್ಟರೆ ಸ್ವಲ್ಪ ಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಸಿಲಿಕೋನ್ ಹಾಗಲ್ಲ. ಅದರ ಆವಿ ಬಿಸಿ ಮಣಿಯ ಮೇಲೆ ಸುಟ್ಟು ಗಾಜಿನಂಥ ಪದರವಾಗಿ ಕೂರುತ್ತದೆ. ಅದು ಮತ್ತೆ ಬಿಡುವುದಿಲ್ಲ.

ಇಲ್ಲಿ ಯಾವುದು? ಸೆನ್ಸರ್ ಬಿಚ್ಚಿ ಕಂಟ್ರೋಲ್ ರೂಮಿಗೆ ತಂದು, ಚೊಕ್ಕ ಗಾಳಿಯಲ್ಲಿ ರಾತ್ರಿಯಿಡೀ ಕರೆಂಟ್ ಕೊಟ್ಟು ಬಿಟ್ಟೆವು. ಬೆಳಿಗ್ಗೆ ಗ್ಯಾಸ್ ಕೊಟ್ಟರೆ ಶೇ 13. ಏರಿಕೆ ಲೆಕ್ಕಕ್ಕಿಲ್ಲ. ಆಮೇಲೆ ಬ್ಲೋವರ್ ಕಡೆ ಹೋಗಿ ನೋಡಿದೆ. ಕೇಸಿಂಗ್ ಜೋಡಣೆಯ ಸುತ್ತ ಬಿಳಿ ಸಿಲಿಕೋನ್ ಸೀಲಂಟ್ ದಪ್ಪಗೆ ಬಳಿದಿದ್ದರು. ಹಂಗಾಮಿನ ನಡುವೆ ಸೋರಿಕೆ ನಿಲ್ಲಿಸಲು ಫಿಟ್ಟರ್‌ಗಳು ಮಾಡಿದ ಕೆಲಸ. ಅವರನ್ನು ದೂರಿ ಪ್ರಯೋಜನ ಇಲ್ಲ. ಸೋರಿಕೆ ನಿಲ್ಲಿಸಿ ಅಂದರು, ನಿಲ್ಲಿಸಿದರು. ಮೇಲೆ ತೂಗುತ್ತಿರುವ ಡಬ್ಬಿಗೆ ಅದು ವಿಷ ಅಂತ ಅವರಿಗೆ ಹೇಳಿದವರು ಯಾರು? ಈಗ ರೂಮಿನ ಬಾಗಿಲಿಗೆ ಕನ್ನಡದಲ್ಲಿ ಒಂದು ಬೋರ್ಡ್ ಹಾಕಿಸಿದ್ದೇವೆ: ಒಳಗೆ ಸಿಲಿಕೋನ್ ಸೀಲಂಟ್, ಸಿಲಿಕೋನ್ ಸ್ಪ್ರೇ, ಸಿಲಿಕೋನ್ ಗ್ರೀಸ್ ಬೇಡ.

ಪ್ಲಾಂಟಿನ ಒಬ್ಬ ಟೆಕ್ನಿಷಿಯನ್ ಕೇಳಿದ, "ಅಣ್ಣಾ, ಸ್ಪ್ಯಾನ್ ಏರಿಸಿ 50ಕ್ಕೆ ಕೂರಿಸಿಬಿಡೋಣಲ್ಲ?" ಗೇನ್ ಏರಿಸಿದರೆ ಇವತ್ತು 50 ಬರುತ್ತದೆ ನಿಜ. ಆದರೆ ಉಳಿದ ಚೂರು ಲೇಪವನ್ನು ನಾಲ್ಕೂವರೆ ಪಟ್ಟು ಹಿಗ್ಗಿಸಿದಂತಾಯಿತು. ಅದರ ಜೊತೆ ಸಿಗ್ನಲಿನ ಗದ್ದಲವೂ ಅಷ್ಟೇ ಹಿಗ್ಗುತ್ತದೆ, ಝೀರೋ ಅಲೆದಾಡುತ್ತದೆ. ಆ ಚೂರು ಲೇಪ ನಾಳೆ ಸತ್ತರೆ ಮತ್ತೆ ಅದೇ ಹಸಿರು ದೀಪ. ಅರ್ಧಕ್ಕಿಂತ ಕೆಳಗೆ ಬಿದ್ದ ಕೆಟಲಿಟಿಕ್ ಸೆನ್ಸರನ್ನು ನಾನು ತಿದ್ದುವುದಿಲ್ಲ, ಎಸೆಯುತ್ತೇನೆ.

ಹೊಸದು ಹಾಕಿ, ಪೂರ್ತಿ ಬಿಸಿಯಾಗಿ ನೆಲೆ ನಿಲ್ಲಲು ಬಿಟ್ಟು, ಆಮೇಲೆ ಕ್ಯಾಲಿಬ್ರೇಶನ್ ಮಾಡಿದೆ. 12.0 ಬಂತು. ಆದರೆ ಇದು ತಾತ್ಕಾಲಿಕ. ಎಚ್‌ಟುಎಸ್ ಇಷ್ಟಿರುವ ರೂಮಿನಲ್ಲಿ ಕೆಟಲಿಟಿಕ್ ಇಡುವುದೇ ಸರಿಯಲ್ಲ. ಇನ್‌ಫ್ರಾರೆಡ್ ಡಿಟೆಕ್ಟರ್ ಹಾಕಿ ಅಂತ ಬರೆದು ಕೊಟ್ಟಿದ್ದೇನೆ. ಮೀಥೇನ್ ಒಂದು ಬಗೆಯ ಇನ್‌ಫ್ರಾರೆಡ್ ಬೆಳಕನ್ನು ಹೀರಿಕೊಳ್ಳುತ್ತದೆ, ಅದನ್ನೇ ಅಳೆಯುವುದು. ಲೇಪ ಇಲ್ಲ, ವಿಷದ ಮಾತಿಲ್ಲ, ಆಕ್ಸಿಜನ್ ಬೇಡ. ದೀಪ ಸತ್ತರೆ, ಕನ್ನಡಿ ಮಬ್ಬಾದರೆ ಅದೇ ಫಾಲ್ಟ್ ಹೇಳುತ್ತದೆ. ಬೆಲೆ ಜಾಸ್ತಿ. ಹಬೆ, ಧೂಳು ಇರುವ ಕಡೆ ಕನ್ನಡಿ ಒರೆಸುವ ಕೆಲಸವೂ ಇದೆ. ಆದರೂ ಸುಮ್ಮನೆ ಸಾಯುವುದಿಲ್ಲವಲ್ಲ.

ಇದೇ ರೂಮಿನ ಎಚ್‌ಟುಎಸ್ ಡಿಟೆಕ್ಟರ್ ಬಗ್ಗೆ ಸ್ವಲ್ಪ ವಾದವಾಯಿತು. ಅದನ್ನು ನೆಲದ ಹತ್ತಿರ ಹಾಕಿದ್ದರು. ಎಚ್‌ಟುಎಸ್ ಭಾರ ಅಲ್ವಾ ಅನ್ನುವ ಲೆಕ್ಕದಲ್ಲಿ. ಸಂಪಿನಲ್ಲಿ ಅದು ಸರಿ. ಇಲ್ಲಿ ಸೋರುವುದು ಬರೀ ಎಚ್‌ಟುಎಸ್ ಅಲ್ಲ, ಬಯೋಗ್ಯಾಸ್. ಶೇ 60 ಹಗುರ ಮೀಥೇನ್, ಉಳಿದದ್ದರಲ್ಲಿ ಬಹುಪಾಲು ಭಾರದ ಕಾರ್ಬನ್ ಡೈಆಕ್ಸೈಡ್, ಶೇ 3 ಎಚ್‌ಟುಎಸ್. ಸರಾಸರಿ ಅಣುತೂಕ 27ರ ಸುಮಾರು, ಗಾಳಿಯದು 29. ಅಂದರೆ ಈ ಮಿಶ್ರಣ ಗಾಳಿಗಿಂತ ಒಂಚೂರು ಹಗುರ. ಬೆರೆತ ಗ್ಯಾಸ್ ಮತ್ತೆ ಬೇರೆ ಬೇರೆಯಾಗಿ ಎಚ್‌ಟುಎಸ್ ಮಾತ್ರ ಕೆಳಗಿಳಿಯುವುದಿಲ್ಲ. ಬ್ಲೋವರ್ ಶಾಫ್ಟ್ ಸೀಲ್ ಎದೆ ಮಟ್ಟದಲ್ಲಿದೆ, ಸೋರುವುದು ಅಲ್ಲಿಂದ, ಮನುಷ್ಯ ನಿಂತು ಉಸಿರಾಡುವುದೂ ಅಲ್ಲೇ. ಡಿಟೆಕ್ಟರ್ ಸೀಲಿನ ಪಕ್ಕಕ್ಕೆ, ಉಸಿರಿನ ಎತ್ತರಕ್ಕೆ ಬಂತು. ಕೇಬಲ್ ಸಾಕಷ್ಟು ಉದ್ದ ಇತ್ತು, ಪುಣ್ಯ.

ಫರ್ಮೆಂಟೇಶನ್ ಹೌಸ್

ಇಲ್ಲಿ ಫಿಕ್ಸೆಡ್ ಡಿಟೆಕ್ಟರ್ ಇರಲಿಲ್ಲ. ವ್ಯಾಟ್, ಅಂದರೆ ಕಾಕಂಬಿ ಹುದುಗುವ ದೊಡ್ಡ ತೊಟ್ಟಿ, ಸ್ವಚ್ಛ ಮಾಡುವವರಿಗೆ ಕೈಯಲ್ಲಿ ಹಿಡಿಯುವ ನಾಲ್ಕು ಗ್ಯಾಸಿನ ಮೀಟರ್ ಕೊಡುತ್ತಾರೆ. ಆಕ್ಸಿಜನ್, ಎಲ್‌ಇಎಲ್, ಎಚ್‌ಟುಎಸ್, ಕಾರ್ಬನ್ ಮೊನಾಕ್ಸೈಡ್. ನಾಲ್ಕೂ ಸರಿಯಾಗಿ ಕೆಲಸ ಮಾಡುತ್ತಿದ್ದವು. ಆದರೆ ವ್ಯಾಟಿನಲ್ಲಿ ಇರುವ ಗ್ಯಾಸ್ ಈ ನಾಲ್ಕರಲ್ಲಿ ಒಂದೂ ಅಲ್ಲ.

ಸಕ್ಕರೆ ಹುದುಗಿ ಎಥನಾಲ್ ಆಗುವಾಗ ಸರಿಸುಮಾರು ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ಗಾಳಿಗಿಂತ ಒಂದೂವರೆ ಪಟ್ಟು ಭಾರ. ಖಾಲಿ ವ್ಯಾಟಿನ ತಳದಲ್ಲಿ ನಿಲ್ಲುತ್ತದೆ. ಆಕ್ಸಿಜನ್ ಮೀಟರ್ ಇದೆಯಲ್ಲ ಅಂತ ಸೂಪರ್‌ವೈಸರ್ ಹೇಳಿದರು. ಲೆಕ್ಕ ಮಾಡೋಣ. ಶೇ 4 ಕಾರ್ಬನ್ ಡೈಆಕ್ಸೈಡ್ ಸೇರಿದರೆ ಆಕ್ಸಿಜನ್ 20.9ರಿಂದ 20.1ಕ್ಕೆ ಇಳಿಯುತ್ತದೆ. ಮೀಟರಿನ ಅಲಾರಂ 19.5ಕ್ಕೆ. ಅದು ಕೂಗುವುದೇ ಇಲ್ಲ. ಆದರೆ ಜೀವಕ್ಕೆ ತಕ್ಷಣದ ಅಪಾಯ ಎಂದು ನಯೋಶ್ ಹೇಳುವ ಮಟ್ಟ ಅದೇ ಶೇ 4. ಕಾರ್ಬನ್ ಡೈಆಕ್ಸೈಡ್ ಬರೀ ಆಕ್ಸಿಜನ್ ಜಾಗ ಹಿಡಿಯುವ ಗ್ಯಾಸ್ ಅಲ್ಲ, ಅದಕ್ಕೇ ಅದರದೇ ಆದ ವಿಷವಿದೆ.

ಕಾರ್ಬನ್ ಡೈಆಕ್ಸೈಡ್ ಸೆನ್ಸರ್ ಇರುವ ಮೀಟರ್ ತರಿಸಲು ಹೇಳಿದೆ. ಬಂದ ಮೇಲೆ ಅದರ ಸೆನ್ಸರ್ ಮೇಲೆ ಉಫ್ ಅಂತ ಊದಿ ತೋರಿಸಿದೆ. ನಾವು ಬಿಡುವ ಉಸಿರಿನಲ್ಲೇ ಸುಮಾರು ಶೇ 4 ಇರುತ್ತದೆ. ಮೀಟರ್ ಕೂಗಿತು, ಹುಡುಗರಿಗೆ ಖುಷಿ. ಬದುಕಿದೆಯಾ ಅಂತ ನೋಡಲು ಇದು ಸಾಕು, ಕ್ಯಾಲಿಬ್ರೇಶನ್‌ಗೆ ಸಿಲಿಂಡರೇ ಬೇಕು.

ಎಥನಾಲ್ ಟ್ಯಾಂಕ್ ಕಡೆಯ ಡಿಟೆಕ್ಟರ್‌ಗಳಲ್ಲಿ ದೊಡ್ಡ ದೋಷ ಸಿಗಲಿಲ್ಲ. ಒಂದೇ ವಿಷಯ. ಅವನ್ನೂ ಮೀಥೇನ್ ಕೊಟ್ಟು ಮೀಥೇನ್ ಲೆಕ್ಕದಲ್ಲೇ ಕೂರಿಸಿದ್ದರು. ಅದೇ ಮಣಿ ಎಥನಾಲ್ ಆವಿಗೆ ಕಡಿಮೆ ತೋರಿಸುತ್ತದೆ. ಮ್ಯಾನ್ಯುಯಲ್‌ನಲ್ಲಿ ಕೊಟ್ಟಿರುವ ಫ್ಯಾಕ್ಟರ್ ಹಾಕಿ ಸ್ಪ್ಯಾನ್ ಏರಿಸಿದೆ. ಒಳ್ಳೆ ಸೆನ್ಸರಿಗೆ ಹೀಗೆ ಏರಿಸುವುದು ಬೇರೆ, ಸತ್ತದ್ದಕ್ಕೆ ಏರಿಸುವುದು ಬೇರೆ.

ಮಳೆ ಬಂದು ತೋರಿಸಿಕೊಟ್ಟದ್ದು

ಕೆಲಸ ನಡೆದಿರುವಾಗಲೇ ಮಿರಗದ ಮಳೆ ಗಾಳಿ ಸಮೇತ ಹೊಡೆಯಿತು. ಡೈಜೆಸ್ಟರ್ ಮೇಲಿನ ಒಂದು ಎಚ್‌ಟುಎಸ್ ಚಾನೆಲ್ ಕುಣಿಯತೊಡಗಿತು. 2, 7, 0, 11. ಗ್ಯಾಸ್ ಹೀಗೆ ನೆಗೆಯುವುದಿಲ್ಲ. ಆದರೂ ಮೊದಲು ಜನರನ್ನು ದೂರ ಸರಿಸಿದೆವು. ಪೋರ್ಟಬಲ್ ಮೀಟರ್ ಹಿಡಿದು ಗಾಳಿ ಬೀಸುವ ಕಡೆಯಿಂದ ಹತ್ತಿರ ಹೋದರೆ ಅದರಲ್ಲಿ ಸೊನ್ನೆ. ವೈರಿಂಗ್ ದೋಷ ಇರಬಹುದು ಅನ್ನುವ ಮಾತು ಆಮೇಲೆ.

ಜಂಕ್ಷನ್ ಬಾಕ್ಸ್ ಬಿಚ್ಚಿದಾಗ ಕಾರಣ ಸಿಕ್ಕಿತು. ಕೇಬಲ್ ಮೇಲಿನಿಂದ ಬಾಕ್ಸಿಗೆ ಇಳಿದಿತ್ತು. ಕೇಬಲ್ ಒಳಹೋಗುವ ತೂತನ್ನು ಬಿಗಿ ಮಾಡುವ ಗ್ಲಾಂಡಿನ ರಬ್ಬರ್ ರಿಂಗ್ ಬಿಸಿಲಿಗೆ ಸೀಳಿತ್ತು. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ತಗಡಿನ ಮೇಲೆ ಇನ್ನೂ ಜಾಸ್ತಿ. ನೀರು ಕೇಬಲ್ ಹಿಡಿದು ಒಳಗಿಳಿದು ಟರ್ಮಿನಲ್ ಹಸಿರಾಗಿತ್ತು. ಟರ್ಮಿನಲ್ ಬದಲಿಸಿ, ಕೇಬಲನ್ನು ಕೆಳಗಿನಿಂದ ಹೊಗಿಸಿ, ಬಾಕ್ಸಿಗೆ ಬರುವ ಮೊದಲು ಒಂದು ಕೊಂಕು ಬಿಟ್ಟೆವು. ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಖಾಲಿ ಗ್ಲಾಂಡ್ ತೂತಿಗೆ ಬಟ್ಟೆ ತುರುಕಿದ್ದರು. ಅಲ್ಲಿಗೆ ಸರ್ಟಿಫೈಡ್ ಪ್ಲಗ್ ಹಾಕಿದೆ. ಬಟ್ಟೆ ತುರುಕಿದ ಡಬ್ಬಿ ಫ್ಲೇಮ್‌ಪ್ರೂಫ್ ಆಗಿ ಉಳಿಯುವುದಿಲ್ಲ.

ಅದೇ ಬಿಸಿಲು ಸೆನ್ಸರನ್ನೂ ತಿನ್ನುತ್ತದೆ. ಎಚ್‌ಟುಎಸ್ ಸೆನ್ಸರ್ ಒಳಗೆ ದ್ರವ ಇರುತ್ತದೆ, ಒಣ ಬಿಸಿಗೆ ಅದು ಆವಿಯಾಗುತ್ತದೆ. ಎರಡು ಮೂರು ವರ್ಷ ಬಾಳುವ ಸೆನ್ಸರ್ ಇಲ್ಲಿ ಬೇಗ ಮುದಿಯಾಗುತ್ತದೆ. ಡೈಜೆಸ್ಟರ್ ಮೇಲಿನವಕ್ಕೆ ತಗಡಿನ ನೆರಳು ಕಟ್ಟಿಸಿದ್ದೇವೆ. ಪ್ಯಾನೆಲ್‌ನಲ್ಲಿ 3.8 ತೋರಿಸಿದ ಚಾನೆಲ್ ಕೂಡ ಇಲ್ಲಿನದೇ. ಸೆನ್ಸರ್ ಅವಧಿ ಮುಗಿದಿತ್ತು, ಬದಲಾಯಿತು.

ಕೊನೆಯ ಟೆಸ್ಟ್

ಒಂದೊಂದೇ ಡಿಟೆಕ್ಟರ್ ಸರಿ ಮಾಡಿದ ಮೇಲೆ ಪೂರ್ತಿ ಸರಪಳಿ ನೋಡಬೇಕು. ಬೈಪಾಸ್ ತೆಗೆದು, ಎಲ್ಲರಿಗೂ ಹೇಳಿ, ಬ್ಲೋವರ್ ರೂಮಿನ ಡಿಟೆಕ್ಟರ್‌ಗೆ ನಿಜವಾಗಿ ಗ್ಯಾಸ್ ಕೊಟ್ಟೆವು. ಹೂಟರ್ ಕೂಗಿತು. ಗ್ಯಾಸ್ ವಾಲ್ವ್ ಮುಚ್ಚಿತು. ಎಕ್ಸಾಸ್ಟ್ ಫ್ಯಾನ್ ತಿರುಗಿತು, ಆದರೆ ಉಲ್ಟಾ. ಮೋಟರ್ ರಿವೈಂಡಿಂಗ್‌ಗೆ ಹೋಗಿ ಬಂದಾಗ ಫೇಸ್ ಅದಲು ಬದಲಾಗಿತ್ತು. ಗ್ಯಾಸನ್ನು ಹೊರಗೆ ಎಳೆಯಬೇಕಾದ ಫ್ಯಾನ್ ಹೊರಗಿನ ಗಾಳಿಯನ್ನು ಒಳಗೆ ತುಂಬುತ್ತಿತ್ತು. ಪ್ಯಾನೆಲ್‌ನಲ್ಲಿ ಫ್ಯಾನ್ ದೀಪ ಹತ್ತಿದೆ ಅಂತ ನೋಡಿ ಟಿಕ್ ಹಾಕಿದ್ದರೆ ಇದು ಸಿಗುತ್ತಲೇ ಇರಲಿಲ್ಲ. ಎರಡು ಫೇಸ್ ಬದಲಿಸಿದರು, ಬಾಗಿಲ ಬಳಿ ಕಾಗದದ ಚೂರು ಹಿಡಿದು ಗಾಳಿ ಒಳಗೆ ಎಳೆಯುವುದನ್ನು ನೋಡಿ ಸಹಿ ಮಾಡಿದೆ.

ಹೂಟರ್ ಬಗ್ಗೆ ಒಂದು ಮಾತು. ಶಟ್‌ಡೌನ್‌ನಲ್ಲಿ ಅದು ಊರಿಗೆಲ್ಲ ಕೇಳುತ್ತದೆ. ಬ್ಲೋವರ್, ಪಂಪ್ ಎಲ್ಲ ನಡೆಯುವಾಗ ಇಟಿಪಿಯಲ್ಲಿ ನಿಂತವರಿಗೆ ಕೇಳುತ್ತದಾ ಅನ್ನುವುದನ್ನು ಪ್ಲಾಂಟ್ ಶುರುವಾದ ಮೇಲೆ ಮತ್ತೆ ನೋಡಬೇಕು. ಸಂಪ್ ಹತ್ತಿರ ತಿರುಗುವ ಕೆಂಪು ದೀಪ ಒಂದನ್ನು ಹೇಗೂ ಹಾಕಿಸಿದ್ದೇವೆ.

ಇನ್ನು ಮುಂದೆ ಬಂಪ್ ಟೆಸ್ಟ್ ಅವರೇ ಮಾಡಿಕೊಳ್ಳುತ್ತಾರೆ. ಅಂದರೆ ತಿದ್ದುವುದೇನೂ ಇಲ್ಲ, ಗ್ಯಾಸ್ ಕೊಟ್ಟು ಅಲಾರಂ ಬರುತ್ತದಾ ಅಂತ ನೋಡುವುದು. ಬ್ಲೋವರ್ ರೂಮ್ ಮತ್ತು ಸಂಪ್ ತಿಂಗಳಿಗೊಮ್ಮೆ, ಉಳಿದವು ಮೂರು ತಿಂಗಳಿಗೊಮ್ಮೆ. ಪೋರ್ಟಬಲ್ ಮೀಟರ್ ಮಾತ್ರ ಪ್ರತಿ ಸಲ ಬಳಸುವ ಮೊದಲು. ಪೂರ್ತಿ ಕ್ಯಾಲಿಬ್ರೇಶನ್ ಆರು ತಿಂಗಳಿಗೆ. ರಿಜಿಸ್ಟರಿನಲ್ಲಿ ಬರೀ "ಓಕೆ" ಅಂತ ಬರೆಯಬೇಡಿ ಅಂದಿದ್ದೇನೆ. ತಿದ್ದುವ ಮೊದಲು ಎಷ್ಟು ಬಂತು, ತಿದ್ದಿದ ಮೇಲೆ ಎಷ್ಟು, ಏರಲು ಎಷ್ಟು ಸೆಕೆಂಡ್ ಹಿಡಿಯಿತು, ಯಾವ ಸಿಲಿಂಡರ್, ಅದರ ಅವಧಿ ಯಾವಾಗ. ತಿದ್ದುವ ಮೊದಲಿನ ಅಂಕಿ ಇದ್ದರೆ ಮಾತ್ರ ಸೆನ್ಸರ್ ಎಷ್ಟು ವೇಗವಾಗಿ ಇಳಿಯುತ್ತಿದೆ ಅಂತ ಗೊತ್ತಾಗುವುದು. ಹಳೆ ರಿಜಿಸ್ಟರಿನಲ್ಲಿ ಬ್ಲೋವರ್ ರೂಮಿನ ಸಾಲಿನಲ್ಲಿ ಉದ್ದಕ್ಕೂ "ಓಕೆ, ಓಕೆ" ಅಂತಲೇ ಇತ್ತು.

ಬಾಕಿ ಉಳಿದವು: ಇನ್‌ಫ್ರಾರೆಡ್ ಡಿಟೆಕ್ಟರ್‌ಗೆ ಕೊಟೇಶನ್ ಹೋಗಿದೆ, ಬಾಯ್ಲರ್ ಪೂಜೆಗೆ ಮೊದಲು ಬರಬೇಕು. ಬ್ಯಾಟರಿ ಬಂದಿವೆ, ಕೂರಿಸಬೇಕು. ಎಚ್‌ಟುಎಸ್ ಸೆನ್ಸರ್ ಎರಡು ಸ್ಪೇರ್ ಸ್ಟೋರಿಗೆ ಬಂದಿವೆ. ಜಾಸ್ತಿ ತರಿಸಬೇಡಿ ಅಂತ ನಾನೇ ಹೇಳಿದೆ, ಕಪಾಟಿನಲ್ಲಿ ಕೂತರೂ ಅವುಗಳ ಆಯುಸ್ಸು ಕಳೆಯುತ್ತಲೇ ಇರುತ್ತದೆ. ಮೊದಲ ಬಂಪ್ ಟೆಸ್ಟಿಗೆ ಸಂಪ್ ಹತ್ತಿರ ಸಿಲಿಂಡರ್ ಹಿಡಿಯುವವರು ಕಾಕಾ ಅಂತ ಡ್ಯೂಟಿ ಚಾರ್ಟಿನಲ್ಲಿ ಬರೆದಿದ್ದಾರೆ.